ಮೊಬೈಲ್ ಎಲ್ಲಿ ಕೊಳ್ಳಬೇಕು? ಸಿಮ್ ಕಂಪನಿ, ಆನ್‌ಲೈನ್, ಪೇಟೆಯ ಅಂಗಡಿ: ನಂಬಿಕೆ ಎಷ್ಟು, ನಿಜ ಎಷ್ಟು?

ಲಿಂಗಸುಗೂರಿನಿಂದ ಮಸ್ಕಿ ಮೇಲೆ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಕುಳಿತರೆ ಈ ಮಾತು ಎಂದಾದರೂ ಕಿವಿಗೆ ಬಿದ್ದೇ ಬೀಳುತ್ತದೆ. "ಆನ್‌ಲೈನ್‌ನಾಗ ತಗೊಂಡ್ರ ಎರಡು ಸಾವಿರ ಕಡಿಮಿ ಬೀಳ್ತದಂತ ಅಣ್ಣ, ತಗೋಳ್ಳೇನು?" ಎಂದು ಒಬ್ಬ ಕೇಳುತ್ತಾನೆ. "ಕೆಟ್ಟರ ಯಾರನ್ನ ಕೇಳ್ತಿ? ಅಂಗಡಿಯಾಂವ ಆದ್ರ ಕಣ್ಣೆದುರಿಗೆ ಇರ್ತಾನ" ಎಂದು ಇನ್ನೊಬ್ಬ ಹೇಳುತ್ತಾನೆ. ನಡುವೆ ಮೂರನೆಯವರು ಬಾಯಿ ಹಾಕುತ್ತಾರೆ: "ಸಿಮ್ ಕಂಪನಿಯವರೇ ಫೋನ್ ಕೊಡ್ತಾರಲ್ಲ, ಅದು ಸಸ್ತಾ."

ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ಮೂವರೂ ನೋಡುತ್ತಿರುವುದು ಡಬ್ಬಿಯ ಮೇಲಿನ ಬೆಲೆಯನ್ನು ಮಾತ್ರ. ಒಂದೇ ಕಂಪನಿಯ ಒಂದೇ ಮಾಡೆಲ್ ಫೋನನ್ನು ಮೂರು ಕಡೆ ಕೊಂಡರೆ ಒಳಗಿನ ಯಂತ್ರದಲ್ಲಿ ವ್ಯತ್ಯಾಸ ಇರುವುದಿಲ್ಲ. ವ್ಯತ್ಯಾಸ ಇರುವುದು ಮೂರು ವಿಷಯಗಳಲ್ಲಿ: ಮಾರಿದವರು ಯಾರು, ಕೆಟ್ಟಾಗ ರಿಪೇರಿ ಎಲ್ಲಿ, ಹಣವನ್ನು ಹೇಗೆ ಕಟ್ಟುತ್ತೀರಿ. ಈ ಮೂರರಲ್ಲಿ ಕೊನೆಯದೇ ನಮ್ಮ ಭಾಗದಲ್ಲಿ ಹೆಚ್ಚು ಜನರ ಕೈ ಸುಡುತ್ತದೆ. ಒಂದೊಂದಾಗಿ ನೋಡೋಣ.

ಸಿಮ್ ಕಂಪನಿ ಕೊಡುವ ಫೋನ್ ಎಂದರೇನು?

ಅಮೆರಿಕದಲ್ಲಿರುವ ಸಂಬಂಧಿಕರು "ನಾವು ಐಫೋನನ್ನು ಸಿಮ್ ಕಂಪನಿಯಿಂದಲೇ ತಗೊಂಡೆವು" ಎಂದಾಗ ಇಲ್ಲಿನವರಿಗೆ ಆಶ್ಚರ್ಯವಾಗುತ್ತದೆ. ಅಲ್ಲಿ ಅದೇ ರೂಢಿ. ಕಂಪನಿಯು ಫೋನನ್ನು ಕಡಿಮೆ ಮುಂಗಡಕ್ಕೆ ಕೊಟ್ಟು, ಎರಡು ಮೂರು ವರ್ಷ ತನ್ನ ಸೇವೆಯನ್ನೇ ಬಳಸುವಂತೆ ಕರಾರು ಮಾಡಿಕೊಳ್ಳುತ್ತದೆ. ಫೋನಿಗೆ 'ಸಿಮ್ ಲಾಕ್' ಇದ್ದರೆ ಬೇರೆ ಕಂಪನಿಯ ಸಿಮ್ ಹಾಕಿದಾಗ ಅದು ಕೆಲಸ ಮಾಡುವುದಿಲ್ಲ. ಈ ಲಾಕ್ ಗ್ರಾಹಕರಿಗೆ ಅನ್ಯಾಯ ಎಂದು ಕೆಲವು ದೇಶಗಳು ಅದನ್ನು ನಿಲ್ಲಿಸಿವೆ. ಕೆನಡಾದಲ್ಲಿ 2017ರ ಡಿಸೆಂಬರ್‌ನಿಂದ, ಜಪಾನ್‌ನಲ್ಲಿ 2021ರ ಅಕ್ಟೋಬರ್‌ನಿಂದ, ಬ್ರಿಟನ್‌ನಲ್ಲಿ 2021ರ ಡಿಸೆಂಬರ್‌ನಿಂದ ಲಾಕ್ ಮಾಡಿದ ಫೋನ್ ಮಾರುವಂತಿಲ್ಲ.

ಭಾರತದಲ್ಲಿ ಈ ಪದ್ಧತಿ ಬೇರೂರಲಿಲ್ಲ. ಇಲ್ಲಿ ಹೆಚ್ಚಿನವರು ಪ್ರೀಪೇಯ್ಡ್. ಇಂದು ಈ ಸಿಮ್, ನಾಳೆ ಆ ಸಿಮ್. ನಂಬರ್ ಬದಲಿಸದೆ ಕಂಪನಿ ಬದಲಿಸುವ ಅವಕಾಶ 2011ರ ಜನವರಿ 20ರಿಂದ ದೇಶದಾದ್ಯಂತ ಇದೆ. ಎರಡು ಸಿಮ್ ಹಾಕುವ ಫೋನ್‌ಗಳು ಎಲ್ಲರ ಕೈಯಲ್ಲಿವೆ. ಇಂಥ ಕಡೆ ಗ್ರಾಹಕರನ್ನು ಕರಾರಿನಲ್ಲಿ ಹಿಡಿದಿಡುವುದು ಕಷ್ಟ.

ಆದರೂ ಪ್ರಯತ್ನಗಳು ನಡೆದಿವೆ. 2003ರ ಮಳೆಗಾಲದಲ್ಲಿ ರಿಲಯನ್ಸ್ ಇನ್ಫೋಕಾಂ 501 ರೂಪಾಯಿ ಮುಂಗಡಕ್ಕೆ ಫೋನ್ ಕೊಟ್ಟಿದ್ದು ಹಿರಿಯರಿಗೆ ನೆನಪಿರಬಹುದು. ಅದು ಸಿಡಿಎಂಎ ಫೋನ್. ನಂಬರ್ ಫೋನಿನೊಳಗೇ ಇರುತ್ತಿತ್ತು, ಬೇರೆ ಸಿಮ್ ಹಾಕುವ ಮಾತೇ ಇರಲಿಲ್ಲ. ತಿಂಗಳ ಬಾಕಿ ಕಟ್ಟಲಾಗದೆ ಅರ್ಧಕ್ಕೆ ಬಿಟ್ಟವರೂ ಇದ್ದರು. 2008ರಲ್ಲಿ ಐಫೋನ್ 3ಜಿ ಭಾರತಕ್ಕೆ ಬಂದದ್ದು ಏರ್‌ಟೆಲ್ ಮತ್ತು ವೊಡಾಫೋನ್ ಮೂಲಕ, 8 ಜಿಬಿಗೆ 31,000 ರೂಪಾಯಿ. 2017ರಲ್ಲಿ ಜಿಯೋಫೋನ್ 1,500 ರೂಪಾಯಿ ಠೇವಣಿಗೆ ಸಿಕ್ಕಿತು, ಅದರಲ್ಲಿ ಜಿಯೋ ಸಿಮ್ ಮಾತ್ರ ನಡೆಯುತ್ತಿತ್ತು. 2021ರಲ್ಲಿ ಜಿಯೋಫೋನ್ ನೆಕ್ಸ್ಟ್ 6,499 ರೂಪಾಯಿಗೆ ಅಥವಾ ಕಂತಿಗೆ ಬಂತು. 2023ರಲ್ಲಿ ಜಿಯೋಭಾರತ್ 999 ರೂಪಾಯಿಗೆ ಬಂತು, ಅದೂ ಒಂದೇ ಸಿಮ್‌ಗೆ ಕಟ್ಟುಬಿದ್ದ ಫೋನ್.

'ಅಗ್ಗದ ಫೋನ್' ಎಂಬ ಲೆಕ್ಕ ಹೇಗೆ ಆಗುತ್ತದೆ ಎಂಬುದಕ್ಕೆ 2017ರ ಒಂದು ಯೋಜನೆಯನ್ನೇ ತೆಗೆದುಕೊಳ್ಳಿ. ಏರ್‌ಟೆಲ್ ಮತ್ತು ಕಾರ್ಬನ್ ಸೇರಿ ಎ40 ಇಂಡಿಯನ್ ಎಂಬ 4ಜಿ ಫೋನ್ ತಂದವು. ಜಾಹೀರಾತಿನ ಬೆಲೆ 1,399. ಅಂಗಡಿಯಲ್ಲಿ ಕೊಡಬೇಕಾಗಿದ್ದದ್ದು 2,899. ಉಳಿದ 1,500 ವಾಪಸ್ ಬರುವುದು ಎರಡು ಹಂತದಲ್ಲಿ: 18 ತಿಂಗಳ ನಂತರ 500, 36 ತಿಂಗಳ ನಂತರ 1,000. ಅದಕ್ಕಾಗಿ ತಿಂಗಳಿಗೆ 169 ರೂಪಾಯಿಯ ರೀಚಾರ್ಜ್ ಮಾಡುತ್ತಾ ಹೋಗಬೇಕಿತ್ತು. 169ನ್ನು 36ರಿಂದ ಗುಣಿಸಿದರೆ 6,084 ರೂಪಾಯಿ. ಹೇಗೂ ಅಷ್ಟು ರೀಚಾರ್ಜ್ ಮಾಡುವವರಿಗೆ ಇದು ನಿಜವಾದ ಲಾಭವೇ. ಆದರೆ ಹಳ್ಳಿಯಲ್ಲಿ ಎಷ್ಟೋ ಮನೆಗಳಲ್ಲಿ ಬಿತ್ತನೆ ಸಮಯದಲ್ಲಿ ರೀಚಾರ್ಜ್ ನಿಲ್ಲುತ್ತದೆ, ಸುಗ್ಗಿ ಬಂದಾಗ ಮತ್ತೆ ಶುರುವಾಗುತ್ತದೆ. ಅಂಥವರಿಗೆ ವಾಪಸ್ ಬರುವ ಹಣ ಕೈಗೆ ಸಿಗುವುದು ಅನುಮಾನ.

ಆದ್ದರಿಂದ ಸಿಮ್ ಕಂಪನಿಯ ಫೋನಿಗೆ ಕೇಳಬೇಕಾದ ಪ್ರಶ್ನೆ ಎರಡೇ. ಇದರಲ್ಲಿ ಬೇರೆ ಕಂಪನಿಯ ಸಿಮ್ ನಡೆಯುತ್ತದೆಯೇ? ನಮ್ಮ ಊರಿನಲ್ಲಿ, ನಮ್ಮ ಹೊಲದಲ್ಲಿ ಈ ಕಂಪನಿಯ ಸಿಗ್ನಲ್ ಸರಿಯಾಗಿ ಬರುತ್ತದೆಯೇ? ಸಿಂಧನೂರಿನ ಪೇಟೆಯಲ್ಲಿ ಸಿಗ್ನಲ್ ತುಂಬಿದ್ದರೂ ಹತ್ತು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ ಒಂದೇ ಗೆರೆ ಇರಬಹುದು. ಒಂದೇ ಸಿಮ್‌ಗೆ ಕಟ್ಟುಬಿದ್ದ ಫೋನ್ ಅಲ್ಲಿ ಆಟಿಕೆಯಾಗುತ್ತದೆ.

ಆನ್‌ಲೈನ್‌ನಲ್ಲಿ ಮಾರುವವರು ಯಾರು?

ಅಮೆಜಾನ್ ಅಥವಾ ಫ್ಲಿಪ್‌ಕಾರ್ಟ್‌ನಲ್ಲಿ ಕೊಂಡಾಗ "ಅಮೆಜಾನ್‌ನವರು ಮಾರಿದರು" ಎನ್ನುತ್ತೇವೆ. ಕಾನೂನಿನ ಪ್ರಕಾರ ಅದು ಹಾಗಲ್ಲ. ವಿದೇಶಿ ಬಂಡವಾಳ ಇರುವ ಇಂಥ ತಾಣಗಳು ಭಾರತದಲ್ಲಿ ತಾವೇ ಸರಕು ಇಟ್ಟುಕೊಂಡು ಗ್ರಾಹಕರಿಗೆ ಮಾರುವಂತಿಲ್ಲ. 2019ರ ಫೆಬ್ರವರಿ 1ರಿಂದ ಈ ನಿಯಮ ಇನ್ನಷ್ಟು ಬಿಗಿಯಾಗಿದೆ. ಅವು ಸಂತೆ ನಡೆಸುವವರ ಹಾಗೆ: ಜಾಗ ಅವರದು, ಗಂಟು ಬಿಚ್ಚಿ ಕುಳಿತ ವ್ಯಾಪಾರಿ ಬೇರೆ. ಫೋನಿನ ಪುಟದಲ್ಲಿ ಬೆಲೆಯ ಆಸುಪಾಸು ಸಣ್ಣ ಅಕ್ಷರದಲ್ಲಿ ಮಾರಾಟಗಾರರ ಹೆಸರು ಇರುತ್ತದೆ. ಬಿಲ್ ಬರುವುದು ಅವರ ಹೆಸರಿನಲ್ಲಿ. ಹೆಸರಿನ ಮೇಲೆ ಒತ್ತಿದರೆ ವಿಳಾಸ, ಹಿಂದಿನ ಗ್ರಾಹಕರು ಕೊಟ್ಟ ಅಂಕ ಎಲ್ಲವೂ ಕಾಣುತ್ತವೆ. ಕೊಳ್ಳುವ ಮೊದಲು ಇದನ್ನು ನೋಡಲು ಅರ್ಧ ನಿಮಿಷ ಸಾಕು.

ಎರಡನೆಯದು ಬೆಲೆಯ ಪಕ್ಕದ ನಕ್ಷತ್ರ ಚಿಹ್ನೆ. ದೊಡ್ಡ ಅಕ್ಷರದಲ್ಲಿ ಕಾಣುವ ಬೆಲೆ ಹಲವು ಸಲ ಯಾವುದೋ ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇದ್ದವರಿಗೆ ಮಾತ್ರ. ಒಂದು ಉದಾಹರಣೆ ಲೆಕ್ಕ ಮಾಡೋಣ. ಜಾಹೀರಾತಿನಲ್ಲಿ 14,999 ಎಂದಿದೆ, ಆದರೆ ಕಾರ್ಡಿನ 1,000 ರಿಯಾಯಿತಿ ಕಳೆದ ಮೇಲಿನ ಬೆಲೆ ಅದು. ಕಾರ್ಡ್ ಇಲ್ಲದವರಿಗೆ 15,999. ಪೇಟೆಯ ಅಂಗಡಿಯವರು 16,500 ಹೇಳಿ, ಚೌಕಾಸಿ ಮಾಡಿದರೆ 400 ರೂಪಾಯಿಯ ಕವರ್ ಮತ್ತು ಗ್ಲಾಸ್ ಹಾಕಿಕೊಡುತ್ತಾರೆ. ಆಗ ಉಳಿಯುವ ವ್ಯತ್ಯಾಸ 1,500 ಅಲ್ಲ, 101 ರೂಪಾಯಿ. ಕಾರ್ಡ್ ಇದ್ದವರಿಗೆ ಮಾತ್ರ ಆನ್‌ಲೈನ್ ನಿಜಕ್ಕೂ ಅಗ್ಗ. ಹಳೆಯ ಫೋನ್ ಕೊಟ್ಟು ಹೊಸದು ತೆಗೆದುಕೊಳ್ಳುವಾಗಲೂ ಹೀಗೇ: ಪರದೆ ಮೇಲೆ ಕಾಣುವ ಮೌಲ್ಯ ಗರಿಷ್ಠದ್ದು, ಮನೆಗೆ ಬಂದವರು ಗೀರು, ಬಿರುಕು ನೋಡಿ ಕಡಿಮೆ ಮಾಡಬಹುದು.

ಮೂರನೆಯದು ಪಿನ್‌ಕೋಡ್. ಸಿಂಧನೂರು 584128, ಲಿಂಗಸುಗೂರು 584122, ಮಸ್ಕಿ 584124. ತಾಣದಲ್ಲಿ ನಿಮ್ಮ ಪಿನ್‌ಕೋಡ್ ಹಾಕಿದ ಮೇಲೆಯೇ ನಿಮ್ಮೂರಿಗೆ ಯಾವ ಸೌಲಭ್ಯ ಇದೆ ಎಂದು ತಿಳಿಯುತ್ತದೆ. ಮುಖ್ಯವಾಗಿ ನೋಡಬೇಕಾದದ್ದು 'ಓಪನ್ ಬಾಕ್ಸ್ ಡೆಲಿವರಿ', ಅಂದರೆ ತಂದವರ ಎದುರೇ ಡಬ್ಬಿ ತೆರೆದು ನೋಡುವ ಅವಕಾಶ ಇದೆಯೇ ಎಂಬುದು. ಇದ್ದರೆ, ಫೋನ್ ನೋಡುವ ಮೊದಲು ಒಟಿಪಿ ಹೇಳಬೇಡಿ. ಇಲ್ಲದಿದ್ದರೆ, ಡಬ್ಬಿಯ ಮೇಲಿನ ಚೀಟಿಯಿಂದ ಶುರುಮಾಡಿ ಫೋನ್ ಹೊರತೆಗೆಯುವವರೆಗೆ ನಡುವೆ ನಿಲ್ಲಿಸದೆ ವಿಡಿಯೊ ಮಾಡಿಕೊಳ್ಳಿ. ಡಬ್ಬಿಯಲ್ಲಿ ಸೋಪು ಬಂತು ಎಂದು ದೂರಿದಾಗ ನಿಮ್ಮ ಮಾತಿಗೆ ಆಧಾರ ಅದೊಂದೇ.

ಅಂಗಡಿ: ಮುಖ ಕಾಣುತ್ತದೆ, ಬಿಲ್ ಕಾಣುತ್ತದೆಯೇ?

ಪೇಟೆಯ ಅಂಗಡಿಯ ದೊಡ್ಡ ಬಲ ಪರಿಚಯ. ಹಳೆಯ ಫೋನಿನ ನಂಬರ್‌ಗಳನ್ನು ಹೊಸದಕ್ಕೆ ಹಾಕಿಕೊಡುತ್ತಾರೆ, ಅಪ್ಪನಿಗೆ ವಾಟ್ಸಾಪ್ ಕೂರಿಸಿಕೊಡುತ್ತಾರೆ, ಅಕ್ಷರ ದೊಡ್ಡದು ಮಾಡಿಕೊಡುತ್ತಾರೆ. ಓದು ಬರಹ ಕಡಿಮೆ ಇರುವವರಿಗೆ ಇದು ಸಣ್ಣ ಸಹಾಯವಲ್ಲ. ಈ ಸೇವೆಗೂ ಒಂದು ಬೆಲೆ ಇದೆ, ಅದು ಫೋನಿನ ದರದಲ್ಲಿ ಸೇರಿರುತ್ತದೆ.

ಆದರೆ ಇದೇ ಪರಿಚಯ ಒಂದು ತಪ್ಪಿಗೂ ದಾರಿ. "ಬಿಲ್ ಯಾಕ ಬೇಕು, ನಾನಿಲ್ಲೇನು?" ಎಂಬ ಮಾತಿಗೆ ನಾವು ಸುಮ್ಮನಾಗುತ್ತೇವೆ. ಮೊಬೈಲ್ ಮೇಲಿನ ಜಿಎಸ್‌ಟಿ 2020ರ ಏಪ್ರಿಲ್ 1ರಿಂದ 18%. ಬಿಲ್ ಬಿಟ್ಟರೆ ಸ್ವಲ್ಪ ಕಡಿಮೆ ಮಾಡುತ್ತೇನೆ ಎನ್ನುವವರು ಇರುವುದು ಇದೇ ಕಾರಣಕ್ಕೆ. ಬಿಲ್ ಇಲ್ಲದ ಫೋನಿಗೆ ವಾರಂಟಿ ಕೇಳುವುದು ಕಷ್ಟ, ಕಳೆದರೆ ನಮ್ಮದು ಎಂದು ತೋರಿಸುವುದೂ ಕಷ್ಟ. ಬಿಲ್ ಮೇಲೆ ಅಂಗಡಿಯ ಜಿಎಸ್‌ಟಿ ನಂಬರ್, ತಾರೀಖು ಮತ್ತು ಫೋನಿನ 15 ಅಂಕಿಯ ಐಎಂಇಐ ನಂಬರ್ ಇರಬೇಕು. ಫೋನಿನಲ್ಲಿ *#06# ಒತ್ತಿದರೆ ಬರುವ ನಂಬರ್, ಡಬ್ಬಿಯ ಮೇಲಿನ ನಂಬರ್, ಬಿಲ್ ಮೇಲಿನ ನಂಬರ್ ಮೂರೂ ಒಂದೇ ಆಗಿರಬೇಕು. ಎರಡು ಸಿಮ್‌ನ ಫೋನಿಗೆ ಇಂಥ ಎರಡು ನಂಬರ್ ಇರುತ್ತವೆ.

ಬಿಲ್ ಕೊಡದಿರುವುದು ಮತ್ತು ದೋಷವಿರುವ ಸರಕನ್ನು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವುದು ಎರಡನ್ನೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಅನುಚಿತ ವ್ಯಾಪಾರ ಪದ್ಧತಿ' ಎಂದು ಕರೆಯುತ್ತದೆ. ಬಿಲ್‌ನಲ್ಲಿ ಅವಧಿ ಬರೆದಿದ್ದರೆ ಆ ಅವಧಿ, ಬರೆಯದಿದ್ದರೆ 30 ದಿನ. "ಮಾರಿದ ಮಾಲು ವಾಪಸ್ ಇಲ್ಲ" ಎಂಬ ಬೋರ್ಡ್ ತೂಗುಹಾಕಿದ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲ. ಗಮನಿಸಿ, ಇದು ದೋಷವಿರುವ ಫೋನಿಗೆ ಮಾತ್ರ. ಬಣ್ಣ ಮನಸ್ಸಿಗೆ ಬರಲಿಲ್ಲ ಎಂದರೆ ಅಂಗಡಿಯವರು ಒಪ್ಪಬೇಕೆಂದೇನಿಲ್ಲ.

ನಾಲ್ಕು ನಂಬಿಕೆಗಳು

ನಂಬಿಕೆ 1: ಆನ್‌ಲೈನ್ ಫೋನ್ ಎರಡನೇ ದರ್ಜೆಯದು, ರೇಡಿಯೇಷನ್ ಹೆಚ್ಚು.

ನಿಜವಲ್ಲ. ಭಾರತದಲ್ಲಿ ಮಾರುವ ಎಲ್ಲ ಫೋನ್‌ಗಳಿಗೂ ಒಂದೇ ಮಿತಿ: ದೇಹ ಹೀರುವ ರೇಡಿಯೊ ಶಕ್ತಿ ಒಂದು ಕಿಲೋಗ್ರಾಂಗೆ 1.6 ವ್ಯಾಟ್ ಮೀರಬಾರದು. ಇದನ್ನು 'ಸಾರ್' ಮೌಲ್ಯ ಎನ್ನುತ್ತಾರೆ. 2012ರ ಸೆಪ್ಟೆಂಬರ್ 1ರಿಂದ ಈ ಮಿತಿ ಜಾರಿಯಲ್ಲಿದೆ. ಬಹುತೇಕ ಫೋನ್‌ಗಳಲ್ಲಿ *#07# ಒತ್ತಿದರೆ ಮೌಲ್ಯ ಕಾಣುತ್ತದೆ. ಒಂದೇ ಮಾಡೆಲ್ ಎಲ್ಲಿ ಕೊಂಡರೂ ಈ ಅಂಕಿ ಒಂದೇ. ನಕಲಿ ಫೋನ್ ಬೇರೆ ಮಾತು, ಅದು ಆನ್‌ಲೈನ್‌ನಲ್ಲೂ ಸಿಗಬಹುದು, ಸಂತೆಯಲ್ಲೂ ಸಿಗಬಹುದು. ಪತ್ತೆ ಮಾಡಲು 'ಕೆವೈಎಂ' ಎಂದು ಇಂಗ್ಲಿಷ್‌ನಲ್ಲಿ ಬರೆದು, ಒಂದು ಜಾಗ ಬಿಟ್ಟು, ಐಎಂಇಐ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಆ ನಂಬರ್ ಯಾವ ಕಂಪನಿಯ ಯಾವ ಮಾಡೆಲ್‌ಗೆ ಸೇರಿದ್ದು ಎಂದು ಉತ್ತರ ಬರುತ್ತದೆ. ಕೈಯಲ್ಲಿರುವ ಫೋನಿಗೂ ಉತ್ತರಕ್ಕೂ ತಾಳೆಯಾಗದಿದ್ದರೆ ಹಣ ಕೊಡಬೇಡಿ. ಹಳೆಯ ಫೋನ್ ಕೊಳ್ಳುವವರು ಇದನ್ನು ಮರೆಯಲೇಬಾರದು.

ನಂಬಿಕೆ 2: ಅಂಗಡಿಯಲ್ಲಿ ಕೊಂಡರೆ ಅಂಗಡಿಯವರೇ ವಾರಂಟಿ ಕೊಡುತ್ತಾರೆ.

ಅರ್ಧ ನಿಜ. ವಾರಂಟಿ ಕೊಡುವುದು ಫೋನ್ ತಯಾರಿಸಿದ ಕಂಪನಿ. ಎಲ್ಲಿ ಕೊಂಡರೂ ಕೆಟ್ಟ ಫೋನ್ ಹೋಗುವುದು ಅದೇ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ. ಒಳ್ಳೆಯ ಅಂಗಡಿಯವರು ನಿಮ್ಮ ಪರವಾಗಿ ಕಳಿಸಿ ತರಿಸಿಕೊಡಬಹುದು, ಅದು ಅವರ ಉಪಕಾರ. ಹಾಗಾಗಿ ಯಾವ ಬ್ರ್ಯಾಂಡ್ ಎಂದು ತೀರ್ಮಾನಿಸುವ ಮೊದಲು ಆ ಬ್ರ್ಯಾಂಡಿನ ವೆಬ್‌ಸೈಟ್‌ನಲ್ಲಿ ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ನೋಡಿ. ಸಿಂಧನೂರಿನಲ್ಲೋ ಲಿಂಗಸುಗೂರಿನಲ್ಲೋ ಇದ್ದರೆ ಸರಿ. ರಾಯಚೂರಿಗೋ ಬಳ್ಳಾರಿಗೋ ಹೋಗಬೇಕೆಂದರೆ ಕೊಡಲು ಒಂದು ದಿನ, ತರಲು ಒಂದು ದಿನ, ಎರಡು ದಿನದ ಕೂಲಿ ಮತ್ತು ಬಸ್ ಚಾರ್ಜ್ ಲೆಕ್ಕಕ್ಕೆ ಹಿಡಿಯಿರಿ. ಆನ್‌ಲೈನ್‌ನಲ್ಲಿ ಉಳಿಸಿದ ಹಣ ಅಲ್ಲೇ ಕರಗಬಹುದು. ಅಂಗಡಿಯಲ್ಲಿ ಕೊಂಡರೂ ಅಷ್ಟೇ.

ನಂಬಿಕೆ 3: ಸಿಮ್ ಕಂಪನಿಯ ಮಳಿಗೆಯಲ್ಲಿ ಕೊಂಡ ಫೋನಿಗೆ ಸಿಗ್ನಲ್ ಚೆನ್ನಾಗಿ ಬರುತ್ತದೆ.

ನಿಜವಲ್ಲ. ಸಿಗ್ನಲ್ ನಿರ್ಧರಿಸುವುದು ಟವರ್‌ನ ದೂರ, ಮತ್ತು ಟವರ್ ಬಳಸುವ ತರಂಗಗಳನ್ನು, ಅಂದರೆ 'ಬ್ಯಾಂಡ್'ಗಳನ್ನು, ಫೋನ್ ಹಿಡಿಯಬಲ್ಲದೇ ಎಂಬುದು. ಹಳ್ಳಿಗಳಿಗೆ ಮುಖ್ಯವಾದದ್ದು 700 ಮೆಗಾಹರ್ಟ್ಸ್. ಈ ತರಂಗ ದೂರಕ್ಕೆ ಹೋಗುತ್ತದೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತದೆ. ಬಿಎಸ್‌ಎನ್‌ಎಲ್ ತನ್ನ 4ಜಿಗೆ, ಜಿಯೋ ತನ್ನ 5ಜಿಗೆ ಇದನ್ನು ಬಳಸುತ್ತವೆ. ಫೋನಿನ ವಿವರದಲ್ಲಿ 4ಜಿಗೆ 'ಬ್ಯಾಂಡ್ 28', 5ಜಿಗೆ 'ಎನ್28' ಎಂದು ಬರೆದಿದೆಯೇ ನೋಡಿ. ದುಬೈನಿಂದಲೋ ಸೌದಿಯಿಂದಲೋ ಯಾರಾದರೂ ತಂದುಕೊಟ್ಟ ಫೋನಿಗೆ ಇದನ್ನು ಎರಡು ಸಲ ನೋಡಿ. ಆ ಫೋನಿನ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂಬುದನ್ನೂ ಕೇಳಿಕೊಳ್ಳಿ.

ನಂಬಿಕೆ 4: ಸೊನ್ನೆ ಬಡ್ಡಿಯ ಕಂತಿಗೆ ನಿಜಕ್ಕೂ ಬಡ್ಡಿ ಇಲ್ಲ.

ಇದಕ್ಕೆ ಉತ್ತರ ಸ್ವಲ್ಪ ಉದ್ದ. ನಮ್ಮ ಭಾಗದ ನಿಜವಾದ ಪ್ರಶ್ನೆಯೂ ಇದೇ.

ಕಂತಿನ ಲೆಕ್ಕ

2013ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಒಂದು ಮಾತು ಹೇಳಿತು: ಸೊನ್ನೆ ಬಡ್ಡಿ ಎಂಬುದೇ ಇಲ್ಲ. ಸಾಲ ಕೊಟ್ಟವರು ಬಡ್ಡಿಯನ್ನು ಎಲ್ಲಿಂದಲೋ ಪಡೆದೇ ಪಡೆಯುತ್ತಾರೆ. ಒಂದೋ ತಯಾರಕರು ಅಥವಾ ಮಾರಾಟಗಾರರು ಅದನ್ನು ಭರಿಸುತ್ತಾರೆ, ಇಲ್ಲವೇ ನಗದು ಕೊಟ್ಟವರಿಗೆ ಸಿಗುತ್ತಿದ್ದ ರಿಯಾಯಿತಿ ಕಂತಿನವರಿಗೆ ತಪ್ಪುತ್ತದೆ, ಇಲ್ಲವೇ 'ಪ್ರೊಸೆಸಿಂಗ್ ಫೀ' ಹೆಸರಿನಲ್ಲಿ ಬರುತ್ತದೆ. ಕ್ರೆಡಿಟ್ ಕಾರ್ಡ್‌ನ 'ನೋ ಕಾಸ್ಟ್ ಇಎಂಐ'ಯಲ್ಲಿ ಬಡ್ಡಿಯಷ್ಟು ಹಣವನ್ನು ಮೊದಲೇ ರಿಯಾಯಿತಿ ಎಂದು ಕಳೆಯುತ್ತಾರೆ, ಆದರೆ ಆ ಬಡ್ಡಿಯ ಮೇಲಿನ 18% ಜಿಎಸ್‌ಟಿಯನ್ನು ನೀವೇ ಕಟ್ಟಬೇಕು.

ಬಡ್ಡಿ ಹೇಳಿಯೇ ಕೊಡುವ ಸಾಲದಲ್ಲೂ ಒಂದು ಮೋಸದ ಅಂಕಿ ಇದೆ. 12,000 ರೂಪಾಯಿ ಸಾಲ, 12 ತಿಂಗಳು, 14% 'ಫ್ಲಾಟ್' ಬಡ್ಡಿ ಎಂದುಕೊಳ್ಳಿ. ಬಡ್ಡಿ 1,680, ಒಟ್ಟು 13,680, ತಿಂಗಳಿಗೆ 1,140. ಕೇಳಲು ಕಡಿಮೆ ಎನಿಸುತ್ತದೆ. ಆದರೆ ಪ್ರತಿ ತಿಂಗಳೂ ನೀವು ಅಸಲಿನಲ್ಲಿ ಒಂದಿಷ್ಟು ಕಟ್ಟುತ್ತಾ ಬಂದಿರುತ್ತೀರಿ. ಆರನೇ ತಿಂಗಳಿಗೆ ಹೆಚ್ಚು ಕಡಿಮೆ ಅರ್ಧ ತೀರಿರುತ್ತದೆ. ಆದರೂ ಬಡ್ಡಿ ಪೂರ್ತಿ 12,000ದ ಮೇಲೆಯೇ ನಡೆಯುತ್ತಿರುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು 25% ಬಡ್ಡಿ. ಇದರ ಮೇಲೆ ಪ್ರೊಸೆಸಿಂಗ್ ಫೀ, ನೀವು ಕೇಳದೆಯೇ ಸೇರಿಸಿದ ವಿಮೆ ಇದ್ದರೆ ಇನ್ನೂ ಹೆಚ್ಚು.

ಈಗ ನಮ್ಮ ಮೂರು ಊರುಗಳ ಕಡೆ ಬನ್ನಿ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಗಣಿಯ ಕಾಯಂ ನೌಕರರಿಗೆ ತಿಂಗಳು ತಿಂಗಳು ಸಂಬಳ. ಅವರಿಗೆ ಮಾಸಿಕ ಕಂತು ಹೊಂದುತ್ತದೆ, ಬಡ್ಡಿ ಎಷ್ಟು ಎಂದು ನೋಡಿಕೊಂಡರೆ ಸಾಕು. ಸಿಂಧನೂರಿನದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ನೀರು ಬಂದರೆ ಎರಡು ಬೆಳೆ, ಅಂದರೆ ವರ್ಷಕ್ಕೆ ಎರಡು ಸಲ ಕೈಗೆ ಹಣ. ಎರಡನೆಯದು ಜಲಾಶಯದ ನೀರಿನ ಮೇಲೆ ನಿಂತಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ಈ ಸೀಮೆಯ ರೈತರು ಎಷ್ಟು ದಿಗಿಲಾದರು ಎಂಬುದು ಎಲ್ಲರಿಗೂ ಗೊತ್ತು. ಮಸ್ಕಿ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಹತ್ತಿ, ತೊಗರಿ. ಅಲ್ಲಿ ಹಣ ಕಾಣುವುದು ವರ್ಷಕ್ಕೆ ಒಂದೇ ಸಲ, ಅದೂ ಮಳೆ ಕೈಕೊಡದಿದ್ದರೆ.

ಕಂತು ಮಾತ್ರ ಎಲ್ಲರಿಗೂ ತಿಂಗಳಿಗೊಮ್ಮೆ. ಅದು ಮಳೆ ನೋಡುವುದಿಲ್ಲ, ಕಾಲುವೆ ನೋಡುವುದಿಲ್ಲ. ದೀಪಾವಳಿಗೆ ಕೊಂಡ ಫೋನಿನ ಕಂತು ಜೂನ್‌ನಲ್ಲಿ ಬೀಜ ಗೊಬ್ಬರಕ್ಕೆ ಹಣ ಹೊಂದಿಸುವಾಗಲೂ ಬಾಗಿಲು ಬಡಿಯುತ್ತದೆ. ಖಾತೆಯಲ್ಲಿ ಹಣವಿಲ್ಲದೆ ಕಂತು ತಪ್ಪಿದರೆ ಬ್ಯಾಂಕಿನವರ ದಂಡ ಒಂದು, ಸಾಲ ಕೊಟ್ಟವರ ದಂಡ ಇನ್ನೊಂದು. ಕ್ರೆಡಿಟ್ ಸ್ಕೋರ್ ಇಳಿಯುತ್ತದೆ. ನಾಳೆ ಬೈಕಿಗೋ ಟ್ರ್ಯಾಕ್ಟರಿಗೋ ಸಾಲ ಕೇಳಲು ಹೋದಾಗ ಹತ್ತು ಸಾವಿರದ ಫೋನಿನ ಹಳೆಯ ಬಾಕಿ ಅಡ್ಡ ನಿಲ್ಲುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. "ನಿನ್ನ ಆಧಾರ್ ಕೊಡು, ಕಂತು ನಾನು ಕಟ್ತೀನಿ" ಎಂದು ಗೆಳೆಯನೋ ಸಂಬಂಧಿಕನೋ ಕೇಳುವುದು ನಮ್ಮಲ್ಲಿ ಸಾಮಾನ್ಯ. ಕಾಗದದಲ್ಲಿ ಹೆಸರು ಯಾರದೋ ಸಾಲ ಅವರದೇ. ಆತ ಬೆಂಗಳೂರಿಗೆ ದುಡಿಯಲು ಹೋಗಿ ಫೋನ್ ಎತ್ತದಿದ್ದರೆ ವಸೂಲಿಗೆ ಬರುವುದು ನಿಮ್ಮ ಮನೆಗೆ. ಇಲ್ಲ ಎನ್ನಲು ಮುಜುಗರವಾದರೂ ಇಲ್ಲ ಎನ್ನುವುದೇ ಒಳ್ಳೆಯದು.

ಕಂತು ಬೇಕೇ ಬೇಕು ಎಂದಾದರೆ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಎಂಬ ಕಾಗದ ಕೇಳಿ. ರಿಸರ್ವ್ ಬ್ಯಾಂಕ್ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಮತ್ತು ಫೈನಾನ್ಸ್ ಕಂಪನಿಗಳು ಇಂಥ ಹೊಸ ಸಾಲಗಳಿಗೆ ಇದನ್ನು ಕೊಡಲೇಬೇಕು, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. ಅದರಲ್ಲಿ 'ಎಪಿಆರ್' ಎಂಬ ಒಂದು ಅಂಕಿ ಇರುತ್ತದೆ. ಬಡ್ಡಿ, ಶುಲ್ಕ, ವಿಮೆ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಶೇಕಡಾ ಬೀಳುತ್ತದೆ ಎಂಬುದು ಅದೇ. ಎರಡು ಸಾಲಗಳನ್ನು ಹೋಲಿಸಲು ಆ ಒಂದು ಅಂಕಿ ಸಾಕು.

ಕೆಟ್ಟರೆ, ಕಳೆದರೆ ಯಾರನ್ನು ಕೇಳುವುದು?

ಬಸ್ಸಿನಲ್ಲಿ ಕೇಳಿದ ಪ್ರಶ್ನೆ ಇದೇ ಆಗಿತ್ತು. ಆನ್‌ಲೈನ್‌ನಲ್ಲಿ ಕೊಂಡವರಿಗೆ ಕೇಳಲು ಯಾರೂ ಇಲ್ಲ ಎಂಬುದು ಒಂದು ಕಾಲಕ್ಕೆ ಬಹುಮಟ್ಟಿಗೆ ನಿಜವಾಗಿತ್ತು. 2020ರ ಜುಲೈನಲ್ಲಿ ಹೊಸ ಗ್ರಾಹಕ ಕಾಯ್ದೆ ಮತ್ತು ಇ-ಕಾಮರ್ಸ್ ನಿಯಮಗಳು ಜಾರಿಗೆ ಬಂದ ಮೇಲೆ ಪರಿಸ್ಥಿತಿ ಬದಲಾಗಿದೆ. ಈಗ ಪ್ರತಿ ಆನ್‌ಲೈನ್ ತಾಣವೂ ದೂರು ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಪ್ರಕಟಿಸಬೇಕು. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಅದರಿಂದ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ನಂಬರ್ 1915. ಮಸ್ಕಿಯವರಿಗೆ ಈ ನಂಬರ್ ನೆನಪಿಡುವುದು ಸುಲಭ. ಅಶೋಕನ ಹೆಸರಿರುವ ಮಸ್ಕಿ ಶಾಸನ ಪತ್ತೆಯಾದ ವರ್ಷವೂ 1915. ಕರೆ ಉಚಿತ, ಕನ್ನಡದಲ್ಲಿ ಮಾತನಾಡಬಹುದು.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾರಾಟಗಾರರು ದೆಹಲಿಯಲ್ಲಿರಲಿ, ಗುರುಗ್ರಾಮದಲ್ಲಿರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ರಾಯಚೂರಿನಲ್ಲೇ ದೂರು ಕೊಡಬಹುದು. ಹಳೆಯ 1986ರ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ತೊಂದರೆಯಾದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಅಂಗಡಿಯವರ ಮೇಲೆಯೂ, ಫೋನ್ ತಯಾರಕರ ಮೇಲೆಯೂ, ಸಿಮ್ ಕಂಪನಿಯ ಮೇಲೆಯೂ ಇದೇ ದಾರಿ. ಎಲ್ಲದಕ್ಕೂ ಬೇಕಾದದ್ದು ಬಿಲ್.

ಫೋನ್ ಕಳೆದರೆ ಅಥವಾ ಕಳುವಾದರೆ ಮೊದಲು ಪೊಲೀಸ್ ದೂರು ಕೊಡಿ. ಅದೇ ನಂಬರಿನ ಹೊಸ ಸಿಮ್ ಪಡೆಯಿರಿ. ನಂತರ ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಲ್ಲಿ ಆರಂಭಿಸಿದ 'ಸಂಚಾರ್ ಸಾಥಿ' ತಾಣದಲ್ಲಿ ಐಎಂಇಐ ನಂಬರ್ ಕೊಟ್ಟು ಫೋನನ್ನು ಬ್ಲಾಕ್ ಮಾಡಿಸಿ. ಆಮೇಲೆ ಯಾರು ಯಾವ ಸಿಮ್ ಹಾಕಿದರೂ ದೇಶದ ಯಾವ ನೆಟ್‌ವರ್ಕ್‌ನಲ್ಲೂ ಅದು ನಡೆಯುವುದಿಲ್ಲ. ಇದಕ್ಕಾಗಿ ಇವತ್ತೇ ಒಂದು ಕೆಲಸ ಮಾಡಿ: ಬಿಲ್ ಮತ್ತು ಡಬ್ಬಿಯ ಮೇಲಿನ ಐಎಂಇಐ ಚೀಟಿಯ ಫೋಟೊ ತೆಗೆದು ಮನೆಯ ಇನ್ನೊಬ್ಬರ ಫೋನಿಗೆ ಕಳಿಸಿಡಿ. ನಿಮ್ಮ ಫೋನಿನಲ್ಲೇ ಇಟ್ಟರೆ ಫೋನಿನ ಜೊತೆ ಅದೂ ಹೋಗುತ್ತದೆ.

ಹಾಗಾದರೆ ಎಲ್ಲಿ ಕೊಳ್ಳಬೇಕು?

ಎಲ್ಲರಿಗೂ ಒಂದೇ ಉತ್ತರ ಇಲ್ಲ. ಬ್ಯಾಂಕ್ ಕಾರ್ಡ್ ಇದ್ದು, ಡಬ್ಬಿ ಬಂದಾಗ ನೋಡಿ ತೆಗೆದುಕೊಳ್ಳಲು ಬರುತ್ತದೆ, ಆ ಬ್ರ್ಯಾಂಡಿನ ಸರ್ವಿಸ್ ಸೆಂಟರ್ ಹತ್ತಿರದಲ್ಲಿದೆ ಎಂದರೆ ಆನ್‌ಲೈನ್ ಲಾಭ. ಮೊದಲ ಸಲ ಸ್ಮಾರ್ಟ್‌ಫೋನ್ ಹಿಡಿಯುವವರಿಗೆ, ನಗದು ಕೊಡುವವರಿಗೆ, ಕೈಯಲ್ಲಿ ಹಿಡಿದು ನೋಡಬೇಕು ಎನ್ನುವವರಿಗೆ ಪಕ್ಕಾ ಬಿಲ್ ಕೊಡುವ ಅಂಗಡಿ ಒಳ್ಳೆಯದು. ಮಾತನಾಡಲು ಮಾತ್ರ ಫೋನ್ ಬೇಕು, ಮನೆಯ ಹತ್ತಿರ ಆ ಕಂಪನಿಯ ಸಿಗ್ನಲ್ ಚೆನ್ನಾಗಿದೆ, ಸಿಮ್ ಬದಲಿಸುವ ಯೋಚನೆ ಇಲ್ಲ ಎನ್ನುವ ಹಿರಿಯರಿಗೆ ಸಿಮ್ ಕಂಪನಿಯ ಸಣ್ಣ ಫೋನ್ ಸಾಕು.

ಬೆಳೆ ನಂಬಿ ಬದುಕುವವರಿಗೆ ನಾವು ಹೇಳುವುದು ಇಷ್ಟೇ. ಎಲ್ಲಿ ಕೊಳ್ಳುವುದು ಎಂದು ಯೋಚಿಸುವ ಮೊದಲು ಯಾವಾಗ ಕೊಳ್ಳುವುದು ಎಂದು ಯೋಚಿಸಿ. ಫಸಲಿನ ಹಣ ಕೈಗೆ ಬಂದಾಗ ಹತ್ತು ಸಾವಿರದ ಫೋನನ್ನು ನಗದಿಗೆ ಕೊಂಡವರು, ಬಿತ್ತನೆಗೆ ಮೊದಲು ಹದಿನೈದು ಸಾವಿರದ ಫೋನನ್ನು ಕಂತಿಗೆ ಕೊಂಡವರಿಗಿಂತ ನೆಮ್ಮದಿಯಾಗಿರುತ್ತಾರೆ. ಬಸ್ಸಿನ ಆ ಹುಡುಗ ನಮ್ಮನ್ನೇ ಕೇಳಿದ್ದರೂ ಇದೇ ಹೇಳುತ್ತಿದ್ದೆವು: ಎರಡು ಸಾವಿರ ಕಡಿಮೆ ಬಿದ್ದರೆ ಸಂತೋಷ, ಆದರೆ ಮೊದಲು ಮಾರುವವರ ಹೆಸರು ನೋಡು, ಸರ್ವಿಸ್ ಸೆಂಟರ್ ಎಷ್ಟು ದೂರ ಎಂದು ನೋಡು, ಕಂತು ಎಂದರೆ ಎಪಿಆರ್ ಎಷ್ಟು ಎಂದು ಕೇಳು. ಬಿಲ್ ಮಾತ್ರ ಬಿಡಬೇಡ.